ಚೀಲ ಬಿಚ್ಚಿಸಿ, ತೂಕ ನೋಡಿ, ಆಮೇಲೆ ಪೆನ್ನು

ಕೊಡಗಿನ ಆರೋಗ್ಯ ಉಪಕೇಂದ್ರಗಳಿಗೆ ಬರುವ ವಯಸ್ಸಾದವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಚೀಲ ಇರುತ್ತದೆ. ಮಡಿಕೇರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಕೊಟ್ಟ ಬಿಪಿ ಮಾತ್ರೆ, ಗೋಣಿಕೊಪ್ಪದಲ್ಲಿ ಚೀಟಿ ಇಲ್ಲದೆ ಕೊಂಡ ಮಂಡಿನೋವಿನ ಮಾತ್ರೆ, ಬೆಂಗಳೂರಿನ ಮಗ ಕಳಿಸಿದ ಕ್ಯಾಲ್ಸಿಯಂ ಡಬ್ಬಿ, ಹೋದ ವರ್ಷದ ಅರ್ಧ ಸ್ಟ್ರಿಪ್ ಆಂಟಿಬಯೋಟಿಕ್, ಎಲ್ಲ ಅದರಲ್ಲೇ. ಕಾರ್ಡು, ರಿಜಿಸ್ಟರು ತೆರೆಯುವ ಮೊದಲು ಆ ಚೀಲವನ್ನು ಮೇಜಿನ ಮೇಲೆ ಸುರಿಸಿ. "ಬೇರೆ ಏನಾದರೂ ಮಾತ್ರೆ ತಗೊಳ್ತೀರಾ ಅಜ್ಜಿ?" ಎಂದು ಕೇಳಿದರೆ "ಇಲ್ಲ" ಎಂದೇ ಉತ್ತರ ಬರುತ್ತದೆ. ನೋವಿನ ಮಾತ್ರೆ, ಗ್ಯಾಸಿನ ಮಾತ್ರೆ, ನಿದ್ದೆ ಮಾತ್ರೆಗಳನ್ನು ಯಾರೂ ಔಷಧಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. "ನೋವಿಗೆ ಏನು ತಗೊಳ್ತೀರಿ? ನಿದ್ದೆ ಬರದಿದ್ದರೆ? ಮಲ ಕಟ್ಟಿದರೆ? ನಾಟಿ ಮದ್ದು ಯಾವುದು?" ಎಂದು ಒಂದೊಂದಾಗಿ ಕೇಳಬೇಕು.

ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಒ) ಆಗಿ ಕೆಲಸ ಶುರುಮಾಡುತ್ತಿರುವವರಿಗೆ, ನರ್ಸ್ ಪ್ರಾಕ್ಟೀಷನರ್ ಕೋರ್ಸಿನಲ್ಲಿ ಫಾರ್ಮಕಾಲಜಿ (ಔಷಧಶಾಸ್ತ್ರ) ಓದುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಪುಸ್ತಕ ಔಷಧಿಯಿಂದ ಶುರುವಾಗಿ ರೋಗಿಯ ಹತ್ತಿರ ಬರುತ್ತದೆ. ಕೆಲಸಕ್ಕೆ ಕೂತಾಗ ದಾರಿ ತಿರುಗುಮುರುಗು. ತೂಕ, ಕಿಡ್ನಿ, ಬಸಿರು, ಚೀಲದಲ್ಲಿರುವ ಬೇರೆ ಮಾತ್ರೆ, ಈ ನಾಲ್ಕು ಗೊತ್ತಾಗದೆ ಸರಿಯಾದ ಔಷಧಿಯ ಹೆಸರು ಗೊತ್ತಿದ್ದೂ ಪ್ರಯೋಜನವಿಲ್ಲ.

ಮೊದಲು ಪ್ಯಾರಾಸಿಟಮಾಲ್. ಎಲ್ಲರಿಗೂ ಸಲೀಸಾದ್ದರಿಂದಲೇ ಇದರಲ್ಲಿ ಲೆಕ್ಕ ತಪ್ಪುತ್ತದೆ. ಜ್ವರಕ್ಕೆ ಡೋಲೋ 650 ದಿನಕ್ಕೆ ಮೂರು ಸಲ: 1950 ಮಿ.ಗ್ರಾಂ. ಮೂಗು ಸೋರುತ್ತದೆಂದು ಅಂಗಡಿಯಿಂದ ತಂದ ಶೀತದ ಮಾತ್ರೆಯಲ್ಲಿ 500 ಮಿ.ಗ್ರಾಂ ಪ್ಯಾರಾಸಿಟಮಾಲ್ ಇದ್ದರೆ ಮೂರು ಸಲಕ್ಕೆ 1500. ಮೈಕೈ ನೋವಿಗೆ ಅಸೆಕ್ಲೋಫೆನಾಕ್ ಜೊತೆ 325 ಮಿ.ಗ್ರಾಂ ಪ್ಯಾರಾಸಿಟಮಾಲ್ ಸೇರಿದ ಮಾತ್ರೆ ಎರಡು ಸಲ: 650. ಒಟ್ಟು 4100 ಮಿ.ಗ್ರಾಂ. ಆರೋಗ್ಯವಂತ ದೊಡ್ಡವರ ದಿನದ ಮಿತಿಯೇ 4000. ಸರಿಯಾಗಿ ಉಣ್ಣದೆ ತೆಳ್ಳಗಾದವರು, ದಿನವೂ ಕುಡಿಯುವವರು, ಲಿವರ್ ತೊಂದರೆ ಇರುವವರಿಗೆ 2000 ದಾಟಿಸದಿರುವುದು ಒಳ್ಳೆಯದು. ಕಾರಣ ಇಷ್ಟು: ಪ್ಯಾರಾಸಿಟಮಾಲ್‌ನ ಒಂದು ಸಣ್ಣ ಪಾಲು ಲಿವರ್‌ನಲ್ಲಿ ವಿಷವಾಗಿ ಬದಲಾಗುತ್ತದೆ. ಅದನ್ನು ಕಟ್ಟಿಹಾಕುವ ಗ್ಲುಟಥಿಯೋನ್ ಉಪವಾಸದಿಂದಲೂ ಕುಡಿತದಿಂದಲೂ ಕಡಿಮೆಯಾಗಿರುತ್ತದೆ. ದಿನವೂ ಕುಡಿಯುವವರಲ್ಲಿ ಆ ವಿಷ ತಯಾರಾಗುವ ವೇಗವೂ ಹೆಚ್ಚು. ಮೇಲಿನ ಮೂರು ಮಾತ್ರೆಗಳ ಹೆಸರು ಬೇರೆ ಬೇರೆ, ಒಳಗಿರುವುದು ಒಂದೇ ಔಷಧಿ ಎಂಬುದು ರೋಗಿಗೆ ಕಾಣಿಸುವುದಿಲ್ಲ. ಸ್ಟ್ರಿಪ್ಪಿನ ಹಿಂದಿರುವ ಸಣ್ಣ ಅಕ್ಷರ ಓದಬೇಕಾದವರು ನೀವು.

ಕಿಡ್ನಿಯ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಇಲ್ಲಿ ಲ್ಯಾಬ್ ರಿಪೋರ್ಟೇ ದಾರಿ ತಪ್ಪಿಸಬಹುದು. 72 ವರ್ಷದ ಅಜ್ಜಿ, ತೂಕ 40 ಕೆಜಿ, ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ 1.2. ನೋಡಿದವರು "ನಾರ್ಮಲ್" ಎನ್ನುತ್ತಾರೆ. ಕಾಕ್‌ಕ್ರಾಫ್ಟ್–ಗಾಲ್ಟ್ ಸೂತ್ರ ಹಾಕಿ, ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತದೆಂದು ನೋಡಿ: 140ರಿಂದ ವಯಸ್ಸು ಕಳೆದು ತೂಕದಿಂದ ಗುಣಿಸಿ, 72 ಗುಣಿಸು ಕ್ರಿಯಾಟಿನಿನ್‌ನಿಂದ ಭಾಗಿಸಿ, ಹೆಂಗಸರಾದರೆ 0.85ರಿಂದ ಗುಣಿಸಿ. 68 × 40 = 2720. ಅದನ್ನು 86.4ರಿಂದ ಭಾಗಿಸಿದರೆ 31.5. 0.85ರಿಂದ ಗುಣಿಸಿದರೆ ನಿಮಿಷಕ್ಕೆ ಸುಮಾರು 27 ಮಿ.ಲೀ. ಮಾಂಸಖಂಡ ಕಡಿಮೆ ಇರುವ ಮೈಯಲ್ಲಿ ಕ್ರಿಯಾಟಿನಿನ್ ತಯಾರಾಗುವುದೇ ಕಡಿಮೆ, ಹಾಗಾಗಿ ಕಿಡ್ನಿ ಸೋತಿದ್ದರೂ ಸಂಖ್ಯೆ ಏರುವುದಿಲ್ಲ. ಅದೇ ಅಜ್ಜಿಗೆ ಲ್ಯಾಬ್ ಚೀಟಿಯಲ್ಲಿ ಕಿಡ್ನಿ ಸೋಸುವ ವೇಗದ ಅಂದಾಜು (ಇಜಿಎಫ್‌ಆರ್) 48ರ ಹತ್ತಿರ ಬಂದಿರಬಹುದು. ಅದು 1.73 ಚದರ ಮೀಟರ್ ಮೈಯ ಅಳತೆಗೆ ಹೊಂದಿಸಿದ ಲೆಕ್ಕ. 40 ಕೆಜಿಯ ಸಣ್ಣ ಮೈಗೆ ಅದು ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಅನ್ನು ಈ ಸಂಖ್ಯೆ 30ರ ಕೆಳಗಿದ್ದರೆ ಕೊಡುವಂತಿಲ್ಲ, 30ರಿಂದ 45ರ ನಡುವೆ ಹೊಸದಾಗಿ ಶುರುಮಾಡುವಂತಿಲ್ಲ, ಮೊದಲೇ ತೆಗೆದುಕೊಳ್ಳುತ್ತಿದ್ದರೆ ದಿನಕ್ಕೆ 1000 ಮಿ.ಗ್ರಾಂ ದಾಟಿಸುವಂತಿಲ್ಲ. ಎರಡು ಲೆಕ್ಕ ಎರಡು ಮಾತು ಹೇಳಿದಾಗ ಕಡಿಮೆಯದನ್ನು ನಂಬಿ, ವೈದ್ಯಾಧಿಕಾರಿಗೆ ಎರಡೂ ಸಂಖ್ಯೆ ಹೇಳಿ ಫೋನ್ ಮಾಡಿ.

ಈ ಲೆಕ್ಕ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹೆಚ್ಚು ಬೇಕಾಗುತ್ತದೆ. ಡಿಸೆಂಬರ್‌ನಿಂದ ತೋಟದಲ್ಲಿ ದಿನವಿಡೀ ನಿಂತು, ಬಗ್ಗಿ, ಮೂಟೆ ಹೊತ್ತು ಮೈ ನೋಯಿಸಿಕೊಂಡವರು ಡೈಕ್ಲೋಫೆನಾಕ್ ನುಂಗುತ್ತಾರೆ. ಅವರಲ್ಲೇ ಕೆಲವರು ಬಿಪಿಗೆ ಟೆಲ್ಮಿಸಾರ್ಟಾನ್ ಮತ್ತು ಮೂತ್ರ ಹೆಚ್ಚಿಸುವ ಕ್ಲೋರ್ಥಾಲಿಡೋನ್ ತೆಗೆದುಕೊಳ್ಳುತ್ತಿರುತ್ತಾರೆ. ಮೂರೂ ಸೇರಿದರೆ ಕಿಡ್ನಿಗೆ ಮೂರು ಕಡೆಯಿಂದ ಪೆಟ್ಟು. ಡೈಕ್ಲೋಫೆನಾಕ್ ಕಿಡ್ನಿಗೆ ರಕ್ತ ತರುವ ನಾಳವನ್ನು ಬಿಗಿ ಮಾಡುತ್ತದೆ, ಟೆಲ್ಮಿಸಾರ್ಟಾನ್ ಹೊರಹೋಗುವ ನಾಳವನ್ನು ಸಡಿಲ ಮಾಡುತ್ತದೆ, ಮೂತ್ರ ಹೆಚ್ಚಿಸುವ ಮಾತ್ರೆ ಮೈಯ ನೀರು ಇಳಿಸುತ್ತದೆ. ಸೋಸುವ ಒತ್ತಡ ಕುಸಿಯುತ್ತದೆ. ಬಿಸಿಲಿನಲ್ಲಿ ನೀರು ಕುಡಿಯದೆ ಕೆಲಸ ಮಾಡಿದ ದಿನ, ವಾಂತಿಭೇದಿಯಾದ ದಿನ ಅದು ಇನ್ನೂ ಬೇಗ ಆಗುತ್ತದೆ. ಇಂಥವರ ಮಂಡಿನೋವಿಗೆ ಪ್ಯಾರಾಸಿಟಮಾಲ್, ಹಚ್ಚುವ ಡೈಕ್ಲೋಫೆನಾಕ್ ಜೆಲ್, ಬಿಸಿ ಶಾಖ ಸಾಕು. ವಾಂತಿಭೇದಿ ಜೋರಾಗಿದ್ದು ಊಟ ನೀರು ನಿಲ್ಲದಿದ್ದರೆ ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟಾನ್, ಮೂತ್ರದ ಮಾತ್ರೆಗಳನ್ನು ಚೇತರಿಸಿಕೊಳ್ಳುವವರೆಗೆ ತಡೆಹಿಡಿಯುವ ಬಗ್ಗೆ ಅವತ್ತೇ ವೈದ್ಯರನ್ನು ಕೇಳಿ. ಯಾವತ್ತಿನಿಂದ ಮತ್ತೆ ಶುರುಮಾಡಬೇಕು ಎಂಬುದನ್ನು ಚೀಟಿಯಲ್ಲಿ ಬರೆಯಿರಿ. ಬರೆಯದಿದ್ದರೆ ತಿಂಗಳುಗಟ್ಟಲೆ ನಿಂತೇ ಹೋಗುತ್ತದೆ.

ಬಿಪಿ ಮಾತ್ರೆ ಅಮ್ಲೋಡಿಪಿನ್‌ನ ಕಾಲೂತ ಇನ್ನೊಂದು ಬಲೆ. ಸಣ್ಣ ರಕ್ತನಾಳಗಳು ಅಗಲವಾಗಿ ಒಳಗಿನ ನೀರು ಕಣಕಾಲಿಗೆ ಜಿನುಗುವುದರಿಂದ ಆ ಊತ ಬರುತ್ತದೆ, ಮೈಯಲ್ಲಿ ನೀರು ಹೆಚ್ಚಾಗಿ ಅಲ್ಲ. ಅದಕ್ಕೆ ಮೂತ್ರ ಹೆಚ್ಚಿಸುವ ಫ್ಯೂರೋಸಮೈಡ್ ಕೊಟ್ಟರೆ ಊತ ಇಳಿಯುವುದಿಲ್ಲ. ಪೊಟ್ಯಾಶಿಯಂ ಇಳಿಯುತ್ತದೆ, ಯೂರಿಕ್ ಆಸಿಡ್ ಏರುತ್ತದೆ, ಹೆಬ್ಬೆರಳು ಊದುತ್ತದೆ, ಅದಕ್ಕೆ ಮತ್ತೆ ನೋವಿನ ಮಾತ್ರೆ ಬರುತ್ತದೆ. ಬಿಪಿ ಮಾತ್ರೆ ಎನಲಾಪ್ರಿಲ್ ತರುವ ಒಣಕೆಮ್ಮಿಗೆ ಕೆಮ್ಮಿನ ಸಿರಪ್ ಕೊಡುವುದೂ ಇದೇ ಜಾತಿಯ ತಪ್ಪು. ಹೊಸ ತೊಂದರೆ ಹೇಳಿಕೊಂಡು ಬಂದವರಿಗೆ ಹೊಸ ಮಾತ್ರೆ ಯೋಚಿಸುವ ಮೊದಲು ಕಳೆದ ಎರಡು ತಿಂಗಳಲ್ಲಿ ಯಾವ ಮಾತ್ರೆ ಸೇರಿತು, ಯಾವುದರ ಡೋಸ್ ಏರಿತು ಎಂದು ನೋಡಿ.

ಡೋಸ್ ಏರಿಸುವ ಆತುರಕ್ಕೂ ಫಾರ್ಮಕಾಲಜಿಯಲ್ಲಿ ಉತ್ತರ ಇದೆ. ಒಂದೇ ಡೋಸನ್ನು ದಿನವೂ ಕೊಟ್ಟಾಗ ರಕ್ತದಲ್ಲಿ ಔಷಧಿ ಸ್ಥಿರ ಮಟ್ಟಕ್ಕೆ ಬರಲು ಸುಮಾರು ಐದು ಅರ್ಧಾಯುಷ್ಯ (ರಕ್ತದಲ್ಲಿನ ಔಷಧಿ ಅರ್ಧಕ್ಕಿಳಿಯುವ ಸಮಯ) ಬೇಕು. ಅಮ್ಲೋಡಿಪಿನ್‌ನ ಅರ್ಧಾಯುಷ್ಯ 30ರಿಂದ 50 ಗಂಟೆ, ಅಂದರೆ ವಾರದ ಮೇಲೆ. ಮೂರನೇ ದಿನ ಬಿಪಿ ನೋಡಿ "ಕೆಲಸ ಮಾಡುತ್ತಿಲ್ಲ" ಎನ್ನುವುದರಲ್ಲಿ ಅರ್ಥವಿಲ್ಲ. ಥೈರಾಯ್ಡ್ ಮಾತ್ರೆಯ ಅರ್ಧಾಯುಷ್ಯ ಸುಮಾರು ಏಳು ದಿನ. ಅದರ ಡೋಸ್ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಕಳೆದು ಥೈರಾಯ್ಡ್‌ನ ರಕ್ತಪರೀಕ್ಷೆ ಟಿಎಸ್‌ಎಚ್ ನೋಡಬೇಕು.

ಥೈರಾಯ್ಡ್ ಮಾತ್ರೆಯ ಮಾತು ಬಂದಾಗ ನಮ್ಮ ಜಿಲ್ಲೆಯಲ್ಲಿ ಕಾಫಿಯ ಮಾತೂ ಬರಲೇಬೇಕು. ಎದ್ದ ಕೂಡಲೇ ಕಾಫಿ, ಜೊತೆಗೇ ಮಾತ್ರೆ. ಕಾಫಿಯ ಜೊತೆ ನುಂಗಿದರೆ ಲೆವೊಥೈರಾಕ್ಸಿನ್ ಕರುಳಿನಲ್ಲಿ ಸರಿಯಾಗಿ ಹೀರಲ್ಪಡುವುದಿಲ್ಲ. ನೀರಿನ ಜೊತೆ ನುಂಗಿ ಅರ್ಧದಿಂದ ಒಂದು ಗಂಟೆ ಕಾದು ಕಾಫಿ ಕುಡಿಯಲಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರವಿರಲಿ. ಟಿಎಸ್‌ಎಚ್ ಇಳಿಯದೆ ಡೋಸ್ ಏರಿಸುತ್ತಾ ಹೋಗುವ ಮೊದಲು "ಮಾತ್ರೆ ನುಂಗಿದ ಮೇಲೆ ಎಷ್ಟು ಹೊತ್ತಿಗೆ ಕಾಫಿ?" ಎಂದು ಕೇಳಿ.

ಬಸುರಿಯರ ಕಬ್ಬಿಣದ ಮಾತ್ರೆಗೂ ಇದೇ ಕಥೆ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದು, 60 ಮಿ.ಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್, 180 ದಿನ. ಕ್ಯಾಲ್ಸಿಯಂ 500 ಮಿ.ಗ್ರಾಂ ದಿನಕ್ಕೆ ಎರಡು. ಎರಡನ್ನೂ ಒಂದೇ ಹೊತ್ತಿಗೆ ನುಂಗಿದರೆ ಕಬ್ಬಿಣ ವ್ಯರ್ಥ. ಕ್ಯಾಲ್ಸಿಯಂ ಬೆಳಿಗ್ಗೆ ಮತ್ತು ಮಧ್ಯಾಹ್ನದ ಊಟದ ಜೊತೆ, ಕಬ್ಬಿಣ ರಾತ್ರಿ ಮಲಗುವ ಮುಂಚೆ ಎಂದು ಹೇಳಿಕೊಟ್ಟರೆ ಅಂತರದ ಗೊಂದಲವೂ ಇಲ್ಲ, ಕಾಫಿ ಟೀಯ ಕಾಟವೂ ಇಲ್ಲ, ಹೊಟ್ಟೆ ತೊಳಸುವುದೂ ಕಡಿಮೆ. ಮಲ ಕಪ್ಪಾಗುತ್ತದೆ ಎಂದು ಮೊದಲೇ ಹೇಳಿ. ಹೇಳದಿದ್ದರೆ ಹೆದರಿ ನಿಲ್ಲಿಸುತ್ತಾರೆ.

ಕಾಫಿ ಇನ್ನೊಂದು ಕಡೆಯೂ ಅಡ್ಡ ಬರುತ್ತದೆ. ಕಾಫಿಯ ಕೆಫೀನ್ ಮತ್ತು ಉಬ್ಬಸದ ಔಷಧಿ ಥಿಯೋಫಿಲಿನ್ ಎರಡನ್ನೂ ಲಿವರ್‌ನಲ್ಲಿ ಕರಗಿಸುವುದು ಸಿವೈಪಿ1ಎ2 ಎಂಬ ಒಂದೇ ಕಿಣ್ವ. ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ಆ ಕಿಣ್ವವನ್ನು ತಡೆಯುತ್ತದೆ. ದಿನಕ್ಕೆ ಐದಾರು ಲೋಟ ಕಾಫಿ ಕುಡಿಯುವವರಿಗೆ ಸಿಪ್ರೊ ಕೊಟ್ಟರೆ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು, ನಿದ್ದೆಗೇಡು ಬರಬಹುದು. ಅಷ್ಟಾದರೆ ಕಾಫಿ ಕಡಿಮೆ ಮಾಡಿದರೆ ಮುಗಿಯಿತು. ಉಬ್ಬಸಕ್ಕೆ ಥಿಯೋಫಿಲಿನ್ ಇರುವ ಡೆರಿಫಿಲಿನ್ ನುಂಗುತ್ತಿರುವವರಿಗೆ ಸಿಪ್ರೊ ಸೇರಿಸಿದರೆ ವಿಷಯ ಬೇರೆ: ಥಿಯೋಫಿಲಿನ್ ಏರಿ ವಾಂತಿ, ಜೋರು ಎದೆಬಡಿತ, ಕೊನೆಗೆ ಫಿಟ್ಸ್ ವರೆಗೂ ಹೋಗಬಹುದು. ಬೀಡಿ ಹೊಗೆ ಅದೇ ಕಿಣ್ವವನ್ನು ಚುರುಕು ಮಾಡುತ್ತದೆ. ಹಾಗಾಗಿ ಡೆರಿಫಿಲಿನ್ ತೆಗೆದುಕೊಳ್ಳುವವರು ಬೀಡಿ ಬಿಟ್ಟಾಗ ಅದೇ ಡೋಸ್ ಹೆಚ್ಚಾಗಿಬಿಡುತ್ತದೆ. ಬೀಡಿ ಬಿಡಿ ಎಂದು ಹೇಳಿದವರೇ ಡೋಸಿನ ಮೇಲೂ ಕಣ್ಣಿಡಬೇಕು.

ಮಳೆಗಾಲದ ಜ್ವರಕ್ಕೆ ಒಂದು ಕಟ್ಟುನಿಟ್ಟು ಬೇಕು. ಡೆಂಗ್ಯೂನೋ ಇಲಿಜ್ವರವೋ ಗೊತ್ತಾಗುವವರೆಗೆ ಪ್ಯಾರಾಸಿಟಮಾಲ್ ಮಾತ್ರ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಬೇಡ. ಡೆಂಗ್ಯೂ ಆದರೆ ರಕ್ತಸ್ರಾವ, ಇಲಿಜ್ವರ ಆದರೆ ಕಿಡ್ನಿ, ಎರಡಕ್ಕೂ ಅವು ಕೇಡು. "ಒಂದು ಸೂಜಿ ಹಾಕಿ ಸಿಸ್ಟರ್" ಎಂಬ ಒತ್ತಾಯ ಬಂದೇ ಬರುತ್ತದೆ. ಪ್ಲೇಟ್‌ಲೆಟ್ ಕುಸಿದಿರುವವರ ಸೊಂಟಕ್ಕೆ ಚುಚ್ಚಿದರೆ ಅಲ್ಲೇ ರಕ್ತ ಗಡ್ಡೆ ಕಟ್ಟುತ್ತದೆ ಎಂದು ಬಿಡಿಸಿ ಹೇಳಿ. ಗದ್ದೆ, ಕೊಟ್ಟಿಗೆ, ನಿಂತ ನೀರಿನಲ್ಲಿ ಬರಿಗಾಲಲ್ಲಿ ಕೆಲಸ ಮಾಡಿದವರಿಗೆ ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪು ಇದ್ದರೆ ಇಲಿಜ್ವರ ನೆನಪಾಗಲಿ. ಸೌಮ್ಯವಾಗಿದ್ದರೆ ವೈದ್ಯರ ಸಲಹೆಯಂತೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೆ ಎರಡು ಸಲ, ಏಳು ದಿನ. ತುಂಬಾ ನೀರಿನ ಜೊತೆ, ನುಂಗಿ ಅರ್ಧ ಗಂಟೆ ಮಲಗದೆ. ಇಲ್ಲದಿದ್ದರೆ ಮಾತ್ರೆ ಅನ್ನನಾಳಕ್ಕೆ ಅಂಟಿ ಹುಣ್ಣಾಗುತ್ತದೆ. ಬಸುರಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಅಮಾಕ್ಸಿಸಿಲಿನ್ ದಾರಿ. ಕಣ್ಣು ಹಳದಿ, ಮೂತ್ರ ಕಡಿಮೆ, ಉಸಿರು ಹೆಚ್ಚು, ಮಂಪರು, ಇವುಗಳಲ್ಲಿ ಒಂದಿದ್ದರೂ ಚೀಟಿ ಬರೆಯುತ್ತಾ ಕೂರದೆ 108ಕ್ಕೆ ಫೋನ್ ಮಾಡಿ.

ಹಾವು ಕಚ್ಚಿ ಬಂದವರಿಗೂ ಇಂಜೆಕ್ಷನ್ ವಿಷಯದಲ್ಲಿ ಇದೇ ಎಚ್ಚರ. ರಕ್ತ ಹೆಪ್ಪುಗಟ್ಟುತ್ತಿದೆ ಎಂದು ಖಾತ್ರಿಯಾಗುವವರೆಗೆ ಸ್ನಾಯುವಿಗೆ ಯಾವ ಸೂಜಿಯೂ ಬೇಡ, ಟಿಟಿ ಕೂಡ ಆಮೇಲೆ.

15ರಿಂದ 49 ವರ್ಷದ ಹೆಂಗಸರಿಗೆ ಡಾಕ್ಸಿಸೈಕ್ಲಿನ್, ಟೆಲ್ಮಿಸಾರ್ಟಾನ್, ಫಿಟ್ಸ್‌ನ ವಾಲ್‌ಪ್ರೊಯೇಟ್, ಸಂಧಿವಾತದ ಮೆಥೊಟ್ರೆಕ್ಸೇಟ್ ಮುಂದುವರಿಸುವ ಮೊದಲು ಕೊನೆಯ ಮುಟ್ಟಿನ ದಿನಾಂಕ ಕೇಳಿ ಬರೆದುಕೊಳ್ಳಿ, ಬಸಿರಿದ್ದರೆ ಇವು ಮಗುವಿಗೆ ಕೇಡು. ಅನುಮಾನವಿದ್ದರೆ ಮೂತ್ರದ ಕಿಟ್ ಪರೀಕ್ಷೆ ಮಾಡಿ. ಆದರೆ ಫಿಟ್ಸ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ತಟ್ಟನೆ ನಿಂತರೆ ಫಿಟ್ಸ್ ಮರುಕಳಿಸುತ್ತದೆ. ಅವತ್ತೇ ವೈದ್ಯರ ಜೊತೆ ಮಾತಾಡಿ.

ಇನ್ನು ಮಕ್ಕಳು. ವಯಸ್ಸು ನೋಡಿ ಡೋಸ್ ಹಾಕುವ ಅಭ್ಯಾಸ ಬಿಡಿ. ಗಿರಿಜನರ ಹಾಡಿಯ ಮೂರು ವರ್ಷದ ಮಗುವಿನ ತೂಕಕ್ಕೂ ಪಟ್ಟಣದ ಮೂರು ವರ್ಷದ ಮಗುವಿನ ತೂಕಕ್ಕೂ ನಾಲ್ಕು ಕೆಜಿ ವ್ಯತ್ಯಾಸವಿರಬಹುದು. 12 ಕೆಜಿ ಮಗುವಿಗೆ ಪ್ಯಾರಾಸಿಟಮಾಲ್ ಕೆಜಿಗೆ 15 ಮಿ.ಗ್ರಾಂನಂತೆ 180 ಮಿ.ಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. 5 ಮಿ.ಲೀ.ಗೆ 125 ಇರುವ ಸಿರಪ್ ಆದರೆ 7.2 ಮಿ.ಲೀ. 250ರ ಸಿರಪ್ ಆದರೆ 3.6 ಮಿ.ಲೀ. ಒಂದು ಮಿ.ಲೀ.ಗೆ 100 ಇರುವ ಡ್ರಾಪ್ಸ್ ಆದರೆ 1.8 ಮಿ.ಲೀ. "ಒಂದು ಚಮಚ ಕೊಡಿ" ಎಂದು ಕಳಿಸಿ, ತಾಯಿ ಡ್ರಾಪ್ಸನ್ನೇ ಚಮಚಕ್ಕೆ ಬಗ್ಗಿಸಿದರೆ 500 ಮಿ.ಗ್ರಾಂ, ಕೆಜಿಗೆ 40ರ ಮೇಲೆ. ಚೀಟಿಯಲ್ಲಿ ಮಿ.ಗ್ರಾಂ, ಸಿರಪ್ಪಿನ ಶಕ್ತಿ, ಮಿ.ಲೀ. ಮೂರೂ ಇರಲಿ. ಸೂಜಿ ಇಲ್ಲದ ಸಿರಿಂಜ್ ಕೊಟ್ಟು ಗುರುತು ಹಾಕಿ, ನಿಮ್ಮೆದುರೇ ಒಮ್ಮೆ ಎಳೆಸಿ ನೋಡಿ.

ವೇಗದ ಉಸಿರಿನ ನ್ಯುಮೋನಿಯಾಕ್ಕೆ ಅಮಾಕ್ಸಿಸಿಲಿನ್ ಕೆಜಿಗೆ 40 ಮಿ.ಗ್ರಾಂ, ದಿನಕ್ಕೆ ಎರಡು ಸಲ. ಅದೇ 12 ಕೆಜಿ ಮಗುವಿಗೆ 250 ಮಿ.ಗ್ರಾಂ ಕರಗುವ ಮಾತ್ರೆ ಎರಡೆರಡು. ಹಳೆಯ ಅಭ್ಯಾಸದಂತೆ "ಅರ್ಧ ಮಾತ್ರೆ ಮೂರು ಸಲ" ಕೊಟ್ಟರೆ ಡೋಸ್ ಸಾಲದು. ಭೇದಿಗೆ ಓಆರ್‌ಎಸ್ ಕೊಡುವಾಗ ಪೊಟ್ಟಣದ ಗಾತ್ರ ನೋಡಿ. ಸುಮಾರು 21 ಗ್ರಾಂನ ದೊಡ್ಡದು ಒಂದು ಲೀಟರಿಗೆ, ನಾಲ್ಕು ಗ್ರಾಂ ಚಿಲ್ಲರೆಯ ಸಣ್ಣದು 200 ಮಿ.ಲೀ.ಗೆ. ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಹಾಕಿದರೆ ಉಪ್ಪು ಏರಿ ಮಗುವಿಗೆ ಫಿಟ್ಸ್ ಬರಬಹುದು. ಝಿಂಕ್ ಆರು ತಿಂಗಳ ಮೇಲಿನವರಿಗೆ 20 ಮಿ.ಗ್ರಾಂ, ಎರಡರಿಂದ ಆರು ತಿಂಗಳಿಗೆ 10, ಭೇದಿ ನಿಂತರೂ 14 ದಿನ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿದ ಶೀತದ ಔಷಧಿ ನಾಲ್ಕು ವರ್ಷದೊಳಗೆ ಬೇಡವೆಂದು ಕೇಂದ್ರ ಔಷಧ ನಿಯಂತ್ರಕರು 2023ರಲ್ಲೇ ಹೇಳಿದ್ದಾರೆ. ಆ ಬಾಟಲಿ ಮನೆಯಲ್ಲಿದೆಯೇ ಎಂದು ಕೇಳಿ.

ಶುಗರ್ ಮಾತ್ರೆಗಳಲ್ಲಿ ನನಗೆ ಹೆಚ್ಚು ಭಯ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ಗಳದ್ದು. ಲೈನ್‌ಮನೆಯಿಂದ (ತೋಟದ ಕೆಲಸಗಾರರ ಸಾಲುಮನೆ) ಬೆಳಿಗ್ಗೆ ಬೇಗ ಹೊರಟು, ಮಾತ್ರೆ ನುಂಗಿ, ತಿಂಡಿ ಹತ್ತು ಗಂಟೆಗೆ ತೋಟದಲ್ಲಿ ಎನ್ನುವವರಿಗೆ ಸಕ್ಕರೆ ಕುಸಿಯುವ ಅಪಾಯ ಹೆಚ್ಚು. ಸಂಜೆ ಊಟವಿಲ್ಲದೆ ಕುಡಿದರೆ ರಾತ್ರಿ ಮತ್ತೆ. ಬೆವರು, ನಡುಕ, ಮಂಕು ಕಂಡರೆ ಮೂರು ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಅಳೆಯಿರಿ. ಎಚ್ಚರವಿಲ್ಲದವರ ಬಾಯಿಗೆ ಏನೂ ಹಾಕಬೇಡಿ. ಚೇತರಿಸಿಕೊಂಡರೂ ಮನೆಗೆ ಕಳಿಸಬೇಡಿ. ಈ ಮಾತ್ರೆಗಳ ಪ್ರಭಾವ ಗಂಟೆಗಟ್ಟಲೆ ಉಳಿಯುತ್ತದೆ, ಕಿಡ್ನಿ ಸೋತಿದ್ದರೆ ಇನ್ನೂ ಹೆಚ್ಚು. ಅವರು ಒಂದು ದಿನ ಆಸ್ಪತ್ರೆಯ ಕಣ್ಗಾವಲಿನಲ್ಲಿರಬೇಕು.

ಇನ್ಸುಲಿನ್ ಬಾಟಲಿಯಲ್ಲಿ ಎರಡು ಶಕ್ತಿ: ಮಿ.ಲೀ.ಗೆ 40 ಯೂನಿಟ್, ಮಿ.ಲೀ.ಗೆ 100 ಯೂನಿಟ್. ಸಿರಿಂಜೂ ಎರಡು, ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಅದಲುಬದಲಾದರೆ 8 ಯೂನಿಟ್. ರೋಗಿ ಬಾಟಲಿ, ಸಿರಿಂಜ್ ಎರಡನ್ನೂ ಪ್ರತಿ ಸಲ ತರಲಿ.

ಆಂಟಿಬಯೋಟಿಕ್ ಇಂಜೆಕ್ಷನ್ ಆದ ಮೇಲೆ ತುರಿಕೆಯ ಜೊತೆ ಉಸಿರು ಕಟ್ಟಿದರೆ, ಬಿಪಿ ಇಳಿದರೆ, ಮೊದಲ ಔಷಧಿ ಅಡ್ರಿನಲಿನ್. ಅವಿಲ್ (ಅಲರ್ಜಿ ಔಷಧಿ), ಡೆಕ್ಸಾ (ಸ್ಟೀರಾಯ್ಡ್) ಹುಡುಕುತ್ತಾ ಅಮೂಲ್ಯ ನಿಮಿಷಗಳು ಕಳೆಯುತ್ತವೆ, ಅವು ಗಂಟಲಿನ ಊತವನ್ನೂ ಬಿಪಿಯನ್ನೂ ಸಮಯಕ್ಕೆ ಸರಿಮಾಡುವುದಿಲ್ಲ. ಮಿ.ಲೀ.ಗೆ ಒಂದು ಮಿ.ಗ್ರಾಂ ಇರುವ ಆಂಪ್ಯೂಲಿನಿಂದ ದೊಡ್ಡವರಿಗೆ 0.5 ಮಿ.ಲೀ., ತೊಡೆಯ ಹೊರಬದಿಯ ಸ್ನಾಯುವಿಗೆ. ಮಕ್ಕಳಿಗೆ ಕೆಜಿಗೆ 0.01 ಮಿ.ಲೀ., 12 ಕೆಜಿಗೆ 0.12. ಮಲಗಿಸಿ ಕಾಲು ಎತ್ತಿಡಿ, ಐದು ನಿಮಿಷಕ್ಕೆ ಸುಧಾರಿಸದಿದ್ದರೆ ಮತ್ತೊಮ್ಮೆ. ಆಂಪ್ಯೂಲ್, ಒಂದು ಮಿ.ಲೀ. ಸಿರಿಂಜ್, ತೂಕದ ಪಟ್ಟಿ ಒಂದೇ ಟ್ರೇಯಲ್ಲಿರಲಿ.

ಚೀಟಿ ಬರೆಯುವಾಗ ಯೂನಿಟ್ ಎಂದು ಪೂರ್ತಿ ಬರೆಯಿರಿ. ಇಂಗ್ಲಿಷಿನ U ಎಂಬ ಒಂದೇ ಅಕ್ಷರ ಹಾಕಿದರೆ ಸೊನ್ನೆಯಂತೆ ಕಂಡು ಹತ್ತುಪಟ್ಟಾಗುತ್ತದೆ. 5.0 ಬೇಡ, 5 ಸಾಕು. ಅರ್ಧಕ್ಕೆ 0.5, ಬರೀ .5 ಬೇಡ. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಇದ್ದರೆ ವಾರದ ಹೆಸರು ಬರೆಯಿರಿ, "ಭಾನುವಾರ ಮಾತ್ರ" ಎಂದು. ದಿನವೂ ನುಂಗಿದರೆ ಬಾಯಿ ಹುಣ್ಣಿನಿಂದ ಶುರುವಾಗಿ ರಕ್ತಕಣಗಳು ಕುಸಿದು ಜೀವವೇ ಹೋಗಬಹುದು. ಓದು ಬಾರದವರಿಗೆ ಪೊಟ್ಟಣದ ಮೇಲೆ ಸೂರ್ಯ, ಚಂದ್ರ ಬಿಡಿಸಿ. ಅಸ್ಸಾಂನಿಂದ ಬಂದ ಕೆಲಸಗಾರರಿಗೆ ಕನ್ನಡದಲ್ಲಿ ಹೇಳಿ ತಲೆಯಾಡಿಸಿದರೆಂದು ಕಳಿಸಬೇಡಿ. ಮಾತ್ರೆ ಕೈಗೆ ಕೊಟ್ಟು, ಯಾವುದು ಯಾವಾಗ ಎಂದು ಅವರೇ ತೋರಿಸಲಿ.

ಆಗಸ್ಟ್ ಮೊದಲ ವಾರಕ್ಕೆ ಒಂದು ಪ್ರಶ್ನೆ ಸೇರಿಸಿಕೊಳ್ಳಿ. ಕೊಡವರ ಕಕ್ಕಡ ತಿಂಗಳ 18, ಅಂದರೆ ಆಗಸ್ಟ್ 3ರ ಸುಮಾರಿಗೆ ಮನೆಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ. ಅದನ್ನು ತಿಂದವರ ಮೂತ್ರ ಕೆಂಪಾಗುವುದು ಎಲ್ಲರಿಗೂ ಗೊತ್ತು. ಅದೇ ಹೊತ್ತಿಗೆ ಇಲಿಜ್ವರದ ಕಾಲ, ಟಿಬಿಗೆ ರಿಫಾಂಪಿಸಿನ್ ನುಂಗುವವರ ಮೂತ್ರ ಕಿತ್ತಳೆ, ಮೆಟ್ರೊನಿಡಜೋಲ್‌ನಿಂದ ಕಂದು. ಸೊಪ್ಪು ತಿಂದದ್ದು ಯಾವತ್ತು, ಬಣ್ಣ ಶುರುವಾದದ್ದು ಯಾವತ್ತು, ಮೂತ್ರದ ಪ್ರಮಾಣ ಕಡಿಮೆಯಾಗಿದೆಯೇ, ಜ್ವರ ಇದೆಯೇ, ಹಾವು ಕಚ್ಚಿತ್ತೇ ಎಂದು ಕೇಳಿ. ಜ್ವರವಿದ್ದು ಮೂತ್ರ ಕಡಿಮೆಯಾದವರಲ್ಲಿ ಪಾಯಸದ ಮೇಲೆ ತಪ್ಪು ಹೊರಿಸಿ ಸುಮ್ಮನಿರುವಂತಿಲ್ಲ.

ನಿಮ್ಮ ಪೆನ್ನಿಗೆ ಗಡಿ ಇದೆ. ಬಿಪಿ, ಶುಗರ್‌ಗೆ ಮೊದಲ ಮಾತ್ರೆ ನಿರ್ಧರಿಸುವುದು ವೈದ್ಯಾಧಿಕಾರಿ. ಅಳೆಯುವುದು, ಮುಂದುವರಿಸಿ ಕೊಡುವುದು, ತೊಂದರೆಯನ್ನು ಮೊದಲು ಗುರುತಿಸುವುದು ಸಿಎಚ್‌ಒ ಕೆಲಸ. ಸಂದೇಹವಾದರೆ ಸರ್ಕಾರದ ಆನ್‌ಲೈನ್ ಸಲಹಾ ಸೇವೆ ಇ-ಸಂಜೀವಿನಿಯಲ್ಲಿ ವೈದ್ಯರನ್ನು ಹಿಡಿಯಿರಿ. ತೂಕ, ಕ್ರಿಯಾಟಿನಿನ್, ಚೀಲದ ಪಟ್ಟಿ ಕೈಯಲ್ಲಿಟ್ಟುಕೊಂಡು ಕರೆ ಮಾಡಿದರೆ ಎರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಔಷಧಿಯಿಂದಲೇ ತೊಂದರೆಯಾಯಿತೆಂಬ ಅನುಮಾನ ಬಂದರೆ ಗಾಜಿಯಾಬಾದ್‌ನ ಭಾರತೀಯ ಔಷಧಕೋಶ ಆಯೋಗ ನಡೆಸುವ ಫಾರ್ಮಕೋವಿಜಿಲೆನ್ಸ್ (ಔಷಧಿಯ ಅಡ್ಡಪರಿಣಾಮಗಳ ನಿಗಾ) ಕಾರ್ಯಕ್ರಮಕ್ಕೆ ತಿಳಿಸಿ. ಉಚಿತ ಸಂಖ್ಯೆ 1800-180-3024. ಖಾತ್ರಿ ಇರಬೇಕೆಂದಿಲ್ಲ, ಅನುಮಾನ ಸಾಕು, ನರ್ಸ್‌ಗಳೂ ಕಳಿಸಬಹುದು. ಫಾರ್ಮಿನಲ್ಲಿ ಔಷಧಿಯ ಹೆಸರಿನ ಜೊತೆ ಬ್ಯಾಚ್ ನಂಬರ್, ಶುರುಮಾಡಿದ ದಿನ, ತೊಂದರೆ ಕಂಡ ದಿನ, ನಿಲ್ಲಿಸಿದ ಮೇಲೆ ಏನಾಯಿತು ಎಂಬುದನ್ನು ಬರೆಯಿರಿ. ಅದಕ್ಕಾಗಿ ಖಾಲಿ ಸ್ಟ್ರಿಪ್ಪನ್ನು ಎಸೆಯದೆ ರೋಗಿಯ ಚೀಟಿಗೆ ಪಿನ್ ಹಾಕಿಡಿ.